ಮೈಕ್ ಹಾಥಾರ್ನ್

ಜಾನ್ ಮೈಕೆಲ್ ಹಾಥಾರ್ನ್ (೧೦ ಏಪ್ರಿಲ್ ೧೯೨೯ – ೨೨ ಜನವರಿ ೧೯೫೯) ಇಂಗ್ಲೆಂಡಿನ ಪ್ರಸಿದ್ಧ ಮೋಟಾರು ಓಟದ ಚಾಲಕರು. ೧೯೫೮ರಲ್ಲಿ ಫೆರಾರಿ ತಂಡದ ಪರವಾಗಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪ್ರಶಸ್ತಿಯನ್ನು ಗಳಿಸಿದ ಇವರು, ಈ ಗೌರವಕ್ಕೆ ಪಾತ್ರರಾದ ಮೊದಲ ಬ್ರಿಟಿಷ್ ಚಾಲಕರಾಗಿದ್ದಾರೆ. ೧೯೫೫ರ ಲೆ ಮಾನ್ ೨೪ ಗಂಟೆಗಳ ಓಟದ ವಿಜೇತರಲ್ಲಿಯೂ ಇವರೊಬ್ಬರು. ಸಹಸ್ಪರ್ಧಿಗಳಲ್ಲಿ ಹಲವರನ್ನು ಬಲಿ ತೆಗೆದುಕೊಂಡ ಕಾಲದಲ್ಲಿ ಯುರೋಪಿನ ಅಪಾಯಕಾರಿ ರೇಸ್ ಟ್ರ್ಯಾಕ್‌ಗಳಲ್ಲಿ ಸ್ಪರ್ಧಿಸಿ ಬದುಕುಳಿದ ಹಾಥಾರ್ನ್, ತಮ್ಮ ಕೊನೆಯ ಓಟ ಮುಗಿದ ಮೂರು ತಿಂಗಳಲ್ಲಿ, ಊರಿಗೆ ಸಮೀಪದ ಸಾರ್ವಜನಿಕ ರಸ್ತೆಯಲ್ಲಿ ಸ್ವಂತ ಕಾರನ್ನು ಚಲಾಯಿಸುತ್ತಿದ್ದಾಗ ಅಪಘಾತದಲ್ಲಿ ಮೃತಪಟ್ಟರು. ಆಗ ಅವರಿಗೆ ೨೯ ವರ್ಷ. ಅತಿವೇಗದ ಕಾರುಗಳಿಗೆ ತಕ್ಕ ಸ್ಥಳ ರಸ್ತೆಯೋ ಟ್ರ್ಯಾಕೋ ಎಂಬ ಪ್ರಶ್ನೆ ಬಂದಾಗಲೆಲ್ಲ ಇವರ ಜೀವನ ಮತ್ತು ಮರಣಗಳು ನೆನಪಿಗೆ ಬರುತ್ತವೆ.

ಬಾಲ್ಯ ಮತ್ತು ಶಿಕ್ಷಣ

ಹಾಥಾರ್ನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಮೆಕ್ಸ್‌ಬರೋ ಪಟ್ಟಣದಲ್ಲಿ ಜನಿಸಿದರು. ತಂದೆ ಲೆಸ್ಲಿ ಹಾಥಾರ್ನ್, ತಾಯಿ ವಿನಿಫ್ರೆಡ್. ಲೆಸ್ಲಿ ಅವರು ಸ್ವತಃ ಮೋಟಾರ್ ಸೈಕಲ್ ಓಟಗಳಲ್ಲಿ ಭಾಗವಹಿಸುತ್ತಿದ್ದರು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ಗೆ ಹತ್ತಿರವಿರಬೇಕೆಂಬ ಉದ್ದೇಶದಿಂದ ಕುಟುಂಬವು ೧೯೩೧ರಲ್ಲಿ ದಕ್ಷಿಣದ ಸರ್ರೆ ಪ್ರಾಂತದ ಫಾರ್ನಮ್ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿ ಲೆಸ್ಲಿ ಅವರು ಟೂರಿಸ್ಟ್ ಟ್ರೋಫಿ ಗ್ಯಾರೇಜ್ ಎಂಬ ಹೆಸರಿನಲ್ಲಿ ವಾಹನಗಳ ಮಾರಾಟ ಮತ್ತು ದುರಸ್ತಿಯ ಉದ್ಯಮ ನಡೆಸಿದರು.

ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನ ಹಿನ್ನೆಲೆ ಇಲ್ಲಿ ಗಮನಾರ್ಹವಾದುದು. ಫ್ರಾನ್ಸ್ ಮತ್ತು ಇಟಲಿಗಳಲ್ಲಿ ಊರೂರುಗಳ ನಡುವಿನ ರಸ್ತೆಗಳನ್ನೇ ಮುಚ್ಚಿ ಓಟ ನಡೆಸುವ ಪದ್ಧತಿ ಇತ್ತು. ಬ್ರಿಟನ್ನಿನಲ್ಲಿ ಅದಕ್ಕೆ ಕಾನೂನಿನ ಅವಕಾಶವಿರಲಿಲ್ಲ. ೧೯೦೩ರ ಮೋಟಾರು ಕಾರು ಕಾಯಿದೆಯು ರಸ್ತೆಯ ಮೇಲಿನ ವೇಗವನ್ನು ಗಂಟೆಗೆ ೨೦ ಮೈಲಿಗೆ, ಅಂದರೆ ಸುಮಾರು ೩೨ ಕಿ.ಮೀ.ಗೆ ಮಿತಿಗೊಳಿಸಿತ್ತು. ವೇಗದ ಕಾರುಗಳನ್ನು ಓಡಿಸಲು ಮತ್ತು ಪರೀಕ್ಷಿಸಲು ಬೇರೆ ಜಾಗವೇ ಬೇಕಾದುದರಿಂದ ಭೂಮಾಲೀಕ ಹ್ಯೂ ಲಾಕ್ ಕಿಂಗ್ ತಮ್ಮ ಜಮೀನಿನಲ್ಲಿ ಕಾಂಕ್ರೀಟಿನ ಟ್ರ್ಯಾಕ್ ಕಟ್ಟಿಸಿದರು. ೧೯೦೭ರಲ್ಲಿ ಆರಂಭವಾದ ಇದು ಮೋಟಾರು ಓಟಕ್ಕೆಂದೇ ನಿರ್ಮಿತವಾದ ಮೊದಲ ದೊಡ್ಡ ಟ್ರ್ಯಾಕ್. ಹಾಥಾರ್ನ್ ಅವರ ಬಾಲ್ಯವು ಇದರ ಪರಿಸರದಲ್ಲಿಯೇ ಕಳೆಯಿತು. ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಟಗಳು ನಿಂತುಹೋದವು. ಯುದ್ಧದ ನಂತರ ಸಿಲ್ವರ್‌ಸ್ಟೋನ್, ಗುಡ್‌ವುಡ್ ಮೊದಲಾದ ಹಳೆಯ ವಿಮಾನ ನೆಲೆಗಳು ಬ್ರಿಟನ್ನಿನ ರೇಸ್ ಟ್ರ್ಯಾಕ್‌ಗಳಾದವು.

ಹಾಥಾರ್ನ್ ಸಸೆಕ್ಸ್ ಪ್ರಾಂತದ ಆರ್ಡಿಂಗ್ಲಿ ಕಾಲೇಜು ಎಂಬ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಅನಂತರ ಲಂಡನ್ನಿನ ಚೆಲ್ಸಿಯಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. ಗಿಲ್ಡ್‌ಫರ್ಡ್‌ನಲ್ಲಿದ್ದ ಡೆನಿಸ್ ಎಂಬ ಲಾರಿ ಮತ್ತು ಬಸ್ಸುಗಳ ತಯಾರಿಕಾ ಸಂಸ್ಥೆಯಲ್ಲಿ ಕೆಲಸ ಕಲಿತರು. ಹೀಗಾಗಿ ಕಾರು ಓಡಿಸುವುದರೊಂದಿಗೆ ಯಂತ್ರದ ಒಳಗುಟ್ಟುಗಳ ಪರಿಚಯವೂ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಆಯಿತು.

ಓಟದ ಆರಂಭ

೧೯೫೦ರ ಸೆಪ್ಟೆಂಬರಿನಲ್ಲಿ ಬ್ರೈಟನ್ ವೇಗ ಸ್ಪರ್ಧೆಯಲ್ಲಿ ರೈಲಿ ಕಾರನ್ನು ಓಡಿಸಿ ಹಾಥಾರ್ನ್ ತಮ್ಮ ವರ್ಗದಲ್ಲಿ ಮೊದಲಿಗರಾದರು. ೧೯೫೧ರಲ್ಲಿ ಗುಡ್‌ವುಡ್‌ನ ಓಟಗಳ ಆಧಾರದ ಮೇಲೆ ನೀಡಲಾಗುತ್ತಿದ್ದ ಬ್ರೂಕ್‌ಲ್ಯಾಂಡ್ಸ್ ಸ್ಮಾರಕ ಟ್ರೋಫಿಯನ್ನು ಗೆದ್ದರು. ಕುಟುಂಬದ ಸ್ನೇಹಿತರಾದ ಬಾಬ್ ಚೇಸ್ ೧೯೫೨ರಲ್ಲಿ ಕೂಪರ್–ಬ್ರಿಸ್ಟಲ್ ಕಾರೊಂದನ್ನು ಖರೀದಿಸಿ ಅವರಿಗೆ ಒದಗಿಸಿದರು. ಆ ವರ್ಷದ ಈಸ್ಟರ್ ಹಬ್ಬದ ಸಂದರ್ಭದಲ್ಲಿ ಗುಡ್‌ವುಡ್‌ನಲ್ಲಿ ನಡೆದ ಓಟಗಳಲ್ಲಿ ಎರಡನ್ನು ಗೆದ್ದು, ಮತ್ತೊಂದರಲ್ಲಿ ಅರ್ಜೆಂಟೀನಾದ ಫ್ರೊಯ್ಲಾನ್ ಗೊನ್ಸಾಲೆಸ್ ಅವರ ನಂತರ ಎರಡನೆಯ ಸ್ಥಾನ ಪಡೆದರು. ಒಂದೇ ದಿನದಲ್ಲಿ ಅವರ ಹೆಸರು ದೇಶದಲ್ಲೆಲ್ಲ ಪ್ರಚಾರಕ್ಕೆ ಬಂದಿತು.

ಅದೇ ವರ್ಷ ಬೆಲ್ಜಿಯನ್ ಗ್ರ್ಯಾಂಡ್ ಪ್ರಿ ಮೂಲಕ ವಿಶ್ವ ಚಾಂಪಿಯನ್‌ಷಿಪ್ ಪ್ರವೇಶಿಸಿ ನಾಲ್ಕನೆಯ ಸ್ಥಾನವನ್ನೂ, ಬ್ರಿಟಿಷ್ ಗ್ರ್ಯಾಂಡ್ ಪ್ರಿಯಲ್ಲಿ ಮೂರನೆಯ ಸ್ಥಾನವನ್ನೂ ಗಳಿಸಿದರು. ಈ ಸಾಧನೆಯನ್ನು ಕಂಡ ಎನ್ಜೊ ಫೆರಾರಿ ತಮ್ಮ ತಂಡಕ್ಕೆ ಅವರನ್ನು ಸೇರಿಸಿಕೊಂಡರು.

ಫೆರಾರಿ ತಂಡ ಮತ್ತು ರೀಮ್ಸ್ ಗೆಲುವು

೧೯೫೩ರ ಜುಲೈ ೫ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾಂಡ್ ಪ್ರಿ ಹಾಥಾರ್ನ್ ಅವರ ಕೀರ್ತಿಗೆ ಬುನಾದಿಯಾಯಿತು. ರೀಮ್ಸ್ ಟ್ರ್ಯಾಕ್ ನಿತ್ಯ ಸಂಚಾರದ ಹೆದ್ದಾರಿಗಳನ್ನು ಓಟದ ದಿನಗಳಲ್ಲಿ ಮುಚ್ಚಿ ರೂಪಿಸಿದ್ದು; ಗೋಧಿ ಹೊಲಗಳ ನಡುವೆ ಉದ್ದುದ್ದ ನೇರ ಹಾದಿಗಳುಳ್ಳದ್ದು. ಮಸೆರಾಟಿ ಕಾರಿನಲ್ಲಿದ್ದ ಹುವಾನ್ ಮಾನುವೆಲ್ ಫಾಂಜಿಯೊ ಅವರೊಂದಿಗೆ ಹಾಥಾರ್ನ್ ಸುತ್ತುಗಟ್ಟಲೆ ಜೊತೆಜೊತೆಯಾಗಿ ಓಡಿ, ಕೊನೆಯ ತಿರುವಿನಲ್ಲಿ ಮುಂದೆ ಬಂದು ಕೇವಲ ಒಂದು ಸೆಕೆಂಡಿನ ಅಂತರದಲ್ಲಿ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾಂಡ್ ಪ್ರಿ ಒಂದನ್ನು ಬ್ರಿಟಿಷ್ ಚಾಲಕರೊಬ್ಬರು ಗೆದ್ದುದು ಅದೇ ಮೊದಲು. ಓಡಿಸುವಾಗಲೂ ಕೊರಳಿಗೆ ಬೋ ಟೈ ಕಟ್ಟಿಕೊಳ್ಳುತ್ತಿದ್ದ ಈ ಎತ್ತರದ, ಹೊಂಬಣ್ಣದ ಕೂದಲಿನ ತರುಣನನ್ನು ಫ್ರೆಂಚರು ಚಿಟ್ಟೆ ಎಂಬರ್ಥದ ಪಾಪಿಯೋಂ ಎಂಬ ಅಡ್ಡಹೆಸರಿನಿಂದ ಕರೆದರು.

೧೯೫೪ ಸಂಕಷ್ಟದ ವರ್ಷ. ಏಪ್ರಿಲಿನಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನ ಓಟದಲ್ಲಿ ಕಾರಿಗೆ ಬೆಂಕಿ ಹತ್ತಿ ಹಾಥಾರ್ನ್ ಸುಟ್ಟಗಾಯಗಳಿಗೆ ಒಳಗಾದರು. ಜೂನಿನಲ್ಲಿ ತಂದೆ ಲೆಸ್ಲಿ ಅವರು ಗುಡ್‌ವುಡ್‌ನ ಓಟಗಳನ್ನು ನೋಡಿಕೊಂಡು ಹಿಂತಿರುಗುವಾಗ ರಸ್ತೆ ಅಪಘಾತದಲ್ಲಿ ಅಸುನೀಗಿದರು. ಗ್ಯಾರೇಜಿನ ಹೊಣೆಯೂ ಮಗನ ಹೆಗಲಿಗೆ ಬಿತ್ತು. ಕಡ್ಡಾಯ ಸೇನಾ ಸೇವೆಯನ್ನು ತಪ್ಪಿಸಿಕೊಳ್ಳುತ್ತಿದ್ದಾರೆಂಬ ಟೀಕೆ ಪತ್ರಿಕೆಗಳಲ್ಲಿ ಬಂದು, ವಿಷಯ ಸಂಸತ್ತಿನವರೆಗೂ ಹೋಯಿತು. ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿದ್ದ ಅವರು ವೈದ್ಯಕೀಯವಾಗಿ ಸೇವೆಗೆ ಅನರ್ಹರಾಗಿದ್ದರು. ಇಷ್ಟೆಲ್ಲದರ ನಡುವೆಯೂ ಅಕ್ಟೋಬರಿನಲ್ಲಿ ಸ್ಪ್ಯಾನಿಷ್ ಗ್ರ್ಯಾಂಡ್ ಪ್ರಿ ಗೆದ್ದು, ಆ ವರ್ಷದ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆದರು.

ಲೆ ಮಾನ್ ದುರಂತ

೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಆರಂಭವಾದ ೨೪ ಗಂಟೆಗಳ ಓಟದಲ್ಲಿ ಹಾಥಾರ್ನ್ ಜಾಗ್ವಾರ್ ಸಂಸ್ಥೆಯ ಡಿ–ಟೈಪ್ ಕಾರನ್ನು ಓಡಿಸಿದರು. ಐವರ್ ಬ್ಯೂಬ್ ಅವರ ಸಹಚಾಲಕರು. ಸುಮಾರು ೧೩.೫ ಕಿ.ಮೀ. ಉದ್ದದ ಈ ಟ್ರ್ಯಾಕ್‌ನ ಬಹುಭಾಗ ಸಾರ್ವಜನಿಕ ರಸ್ತೆಯೇ ಆಗಿತ್ತು. ಕಾರುಗಳು ಇಂಧನಕ್ಕಾಗಿ ನಿಲ್ಲುವ ಪಿಟ್‌ಗಳಿಗೂ ಓಟದ ಹಾದಿಗೂ ನಡುವೆ ಗೋಡೆಯಿರಲಿಲ್ಲ. ಪ್ರೇಕ್ಷಕರನ್ನು ರಕ್ಷಿಸಲು ಮಣ್ಣಿನ ಒಡ್ಡು ಮಾತ್ರ ಇತ್ತು.

ಓಟ ಆರಂಭವಾಗಿ ಎರಡೂವರೆ ಗಂಟೆ ಸಮೀಪಿಸುತ್ತಿದ್ದಾಗ, ಹಾಥಾರ್ನ್ ಅವರು ಲ್ಯಾನ್ಸ್ ಮ್ಯಾಕ್ಲಿನ್ ಓಡಿಸುತ್ತಿದ್ದ ಆಸ್ಟಿನ್–ಹೀಲಿ ಕಾರನ್ನು ದಾಟಿ, ಪಿಟ್‌ಗೆ ಹೋಗಲು ಬ್ರೇಕ್ ಹಾಕಿದರು. ಮ್ಯಾಕ್ಲಿನ್ ತಮ್ಮ ಕಾರನ್ನು ಎಡಕ್ಕೆ ತಿರುಗಿಸಿದರು. ಹಿಂದಿನಿಂದ ಗಂಟೆಗೆ ಸುಮಾರು ೨೪೦ ಕಿ.ಮೀ. ವೇಗದಲ್ಲಿ ಬರುತ್ತಿದ್ದ ಪಿಯೆರ್ ಲೆವೆಗ್ ಅವರ ಮರ್ಸಿಡಿಸ್ ಕಾರು ಅದಕ್ಕೆ ಬಡಿದು, ಮೇಲಕ್ಕೆ ಚಿಮ್ಮಿ, ಒಡ್ಡಿಗೆ ಅಪ್ಪಳಿಸಿ ಚೂರಾಯಿತು. ಎಂಜಿನ್ ಮತ್ತಿತರ ಭಾಗಗಳು ಜನಸಂದಣಿಯ ಮೇಲೆ ಎರಗಿದವು. ಲೆವೆಗ್ ಅವರೂ, ೮೦ಕ್ಕಿಂತ ಹೆಚ್ಚು ಪ್ರೇಕ್ಷಕರೂ ಸತ್ತರು. ಮೋಟಾರು ಓಟದ ಇತಿಹಾಸದಲ್ಲಿ ಇದಕ್ಕಿಂತ ಘೋರವಾದ ದುರಂತ ನಡೆದಿಲ್ಲ.

ಜನರು ಒಮ್ಮೆಲೇ ಹೊರಟರೆ ಆಂಬುಲೆನ್ಸ್‌ಗಳ ದಾರಿ ಕಟ್ಟಿಹೋಗುತ್ತದೆಂಬ ಕಾರಣದಿಂದ ಸಂಘಟಕರು ಓಟವನ್ನು ನಿಲ್ಲಿಸಲಿಲ್ಲ. ಮುನ್ನಡೆಯಲ್ಲಿದ್ದ ಮರ್ಸಿಡಿಸ್ ತಂಡ ರಾತ್ರಿ ಹಿಂದೆ ಸರಿಯಿತು. ಮರುದಿನ ಹಾಥಾರ್ನ್ ಮತ್ತು ಬ್ಯೂಬ್ ಜೋಡಿ ಗೆದ್ದಿತು. ಪತ್ರಿಕೆಗಳಲ್ಲಿ ಹಾಥಾರ್ನ್ ತೀವ್ರ ಟೀಕೆಗೆ ಗುರಿಯಾದರು. ಅಧಿಕೃತ ತನಿಖೆಯು ಯಾವ ಚಾಲಕರನ್ನೂ ಹೊಣೆ ಮಾಡದೆ, ಆ ಕಾಲದ ಕಾರುಗಳ ವೇಗಕ್ಕೆ ಟ್ರ್ಯಾಕ್‌ನ ರಚನೆ ಹೊಂದುತ್ತಿರಲಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಹಾಥಾರ್ನ್ ತಮ್ಮ ಆತ್ಮಕಥನದಲ್ಲಿ ನೀಡಿದ ವಿವರಣೆಯನ್ನು ಒಪ್ಪದ ಮ್ಯಾಕ್ಲಿನ್ ಮಾನಹಾನಿಯ ಮೊಕದ್ದಮೆ ಹೂಡಿದ್ದರು. ಅದು ಇತ್ಯರ್ಥವಾಗುವ ಮೊದಲೇ ಹಾಥಾರ್ನ್ ತೀರಿಕೊಂಡರು. ದುರಂತದ ಪರಿಣಾಮವಾಗಿ ಲೆ ಮಾನ್‌ನ ಪಿಟ್ ಪ್ರದೇಶ ಪುನರ್ನಿರ್ಮಾಣಗೊಂಡಿತು. ಸ್ವಿಟ್ಜರ್ಲೆಂಡ್ ಟ್ರ್ಯಾಕ್ ಓಟಗಳನ್ನೇ ನಿಷೇಧಿಸಿತು. ಈ ನಿಷೇಧ ಹಲವು ದಶಕಗಳ ಕಾಲ ಜಾರಿಯಲ್ಲಿತ್ತು.

ಊರ ರಸ್ತೆಗಳ ಓಟಕ್ಕೆ ತೆರೆ

ಹಾಥಾರ್ನ್ ೧೯೫೭ರಲ್ಲಿ ಮತ್ತೆ ಫೆರಾರಿ ತಂಡಕ್ಕೆ ಮರಳಿದರು. ತಂಡದಲ್ಲಿದ್ದ ಪೀಟರ್ ಕಾಲಿನ್ಸ್ ಅವರ ಆಪ್ತ ಸ್ನೇಹಿತರು. ಆ ವರ್ಷದ ಮೇ ೧೨ರಂದು ಇಟಲಿಯ ಮಿಲ್ಲೆ ಮಿಲ್ಯಾ ಓಟದಲ್ಲಿ ಅದೇ ತಂಡದ ಚಾಲಕ ಅಲ್ಫಾನ್ಸೊ ದೆ ಪೋರ್ಟಾಗೊ ಅವರ ಕಾರಿನ ಟೈರ್ ಸಿಡಿದು, ಅವರೂ ಸಹಚಾಲಕರೂ, ರಸ್ತೆಬದಿಯಲ್ಲಿ ನಿಂತಿದ್ದ ೯ ಮಂದಿ ಪ್ರೇಕ್ಷಕರೂ ಸತ್ತರು. ಸತ್ತ ಪ್ರೇಕ್ಷಕರಲ್ಲಿ ೫ ಮಂದಿ ಮಕ್ಕಳು. ಬ್ರೆಷಿಯಾ ನಗರದಿಂದ ರೋಮ್‌ಗೆ ಹೋಗಿ ಹಿಂತಿರುಗುವ, ಸುಮಾರು ೧,೬೦೦ ಕಿ.ಮೀ. ದೂರದ ಈ ಓಟ ೧೯೨೭ರಿಂದ ನಡೆದು ಬಂದಿತ್ತು. ಅಷ್ಟು ಉದ್ದದ ಹಾದಿಯುದ್ದಕ್ಕೂ ಬೇಲಿ ಕಟ್ಟುವುದಾಗಲಿ, ಜನರನ್ನು ದೂರ ನಿಲ್ಲಿಸುವುದಾಗಲಿ ಸಾಧ್ಯವಿರಲಿಲ್ಲ. ಈ ಘಟನೆಯ ನಂತರ ಮಿಲ್ಲೆ ಮಿಲ್ಯಾ ವೇಗದ ಓಟವಾಗಿ ಕೊನೆಗೊಂಡಿತು.

ವಿಶ್ವ ಚಾಂಪಿಯನ್

೧೯೫೮ರ ಚಾಂಪಿಯನ್‌ಷಿಪ್ ಹಾಥಾರ್ನ್ ಮತ್ತು ವ್ಯಾನ್‌ವಾಲ್ ತಂಡದ ಸ್ಟರ್ಲಿಂಗ್ ಮಾಸ್ ಅವರ ನಡುವಿನ ಪೈಪೋಟಿಯಾಗಿತ್ತು. ಜುಲೈ ೬ರಂದು ರೀಮ್ಸ್‌ನಲ್ಲಿ ಹಾಥಾರ್ನ್ ಗೆದ್ದರು. ಅದೇ ಓಟದಲ್ಲಿ ಅವರ ತಂಡದ ಲುಯಿಜಿ ಮುಸ್ಸೊ ಸತ್ತರು. ನಾಲ್ಕು ವಾರಗಳ ನಂತರ, ಆಗಸ್ಟ್ ೩ರಂದು, ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲಿ ಕಾಲಿನ್ಸ್ ಅವರ ಕಾರು ಟ್ರ್ಯಾಕ್ ಬಿಟ್ಟು ಉರುಳಿತು. ಹಿಂದೆಯೇ ಬರುತ್ತಿದ್ದ ಹಾಥಾರ್ನ್ ಅದನ್ನು ಕಣ್ಣಾರೆ ಕಂಡರು. ಕಾಲಿನ್ಸ್ ಅದೇ ದಿನ ಮೃತಪಟ್ಟರು. ಸ್ನೇಹಿತನ ಸಾವಿನ ನಂತರ ಹಾಥಾರ್ನ್ ಅವರಿಗೆ ಓಟದಲ್ಲಿ ಮೊದಲಿನ ಉತ್ಸಾಹ ಉಳಿಯಲಿಲ್ಲ.

ಆಗಸ್ಟ್ ೨೪ರಂದು ಪೋರ್ಚುಗಲ್ಲಿನ ಪೋರ್ಟೊ ನಗರದ ಬೀದಿಗಳಲ್ಲಿ ನಡೆದ ಓಟದಲ್ಲಿ ಹಾಥಾರ್ನ್ ಅವರ ಕಾರು ಗಿರಕಿ ಹೊಡೆದು ನಿಂತಿತು. ಅದನ್ನು ಮತ್ತೆ ಚಾಲೂ ಮಾಡುವಾಗ ಓಟದ ದಿಕ್ಕಿಗೆ ವಿರುದ್ಧವಾಗಿ ಚಲಿಸಿದರೆಂಬ ಆರೋಪದಿಂದ ಎರಡನೆಯ ಸ್ಥಾನ ಕೈತಪ್ಪುವ ಸಂಭವವಿತ್ತು. ಆಗ ಪ್ರತಿಸ್ಪರ್ಧಿಯಾದ ಮಾಸ್ ಅವರೇ ಅಧಿಕಾರಿಗಳ ಮುಂದೆ ಹೋಗಿ, ಕಾರು ಚಲಿಸಿದ್ದು ಟ್ರ್ಯಾಕ್‌ನ ಮೇಲಲ್ಲ, ಪಾದಚಾರಿ ಮಾರ್ಗದ ಮೇಲೆ ಎಂದು ಸಾಕ್ಷ್ಯ ನುಡಿದರು. ಹಾಥಾರ್ನ್ ಅವರ ಅಂಕಗಳು ಉಳಿದವು.

ಅಕ್ಟೋಬರ್ ೧೯ರಂದು ಮೊರಾಕೊ ದೇಶದ ಕಾಸಾಬ್ಲಾಂಕಾದಲ್ಲಿ ಕೊನೆಯ ಓಟ ನಡೆಯಿತು. ಮಾಸ್ ಗೆದ್ದರು, ಹಾಥಾರ್ನ್ ಎರಡನೆಯವರಾದರು. ಶ್ರೇಷ್ಠ ೬ ಫಲಿತಾಂಶಗಳನ್ನು ಮಾತ್ರ ಪರಿಗಣಿಸುವ ಅಂದಿನ ನಿಯಮದಂತೆ ಹಾಥಾರ್ನ್ ೪೨, ಮಾಸ್ ೪೧ ಅಂಕ ಗಳಿಸಿದ್ದರು. ಆ ವರ್ಷ ಮಾಸ್ ೪ ಓಟಗಳನ್ನು ಗೆದ್ದಿದ್ದರೆ ಹಾಥಾರ್ನ್ ಗೆದ್ದದ್ದು ಒಂದನ್ನು ಮಾತ್ರ. ಆದರೆ ೫ ಬಾರಿ ಎರಡನೆಯ ಸ್ಥಾನ ಪಡೆದಿದ್ದರು. ಪೋರ್ಟೊದ ಅಂಕಗಳು ಇಲ್ಲದಿದ್ದರೆ ಪ್ರಶಸ್ತಿ ಮಾಸ್ ಅವರದಾಗುತ್ತಿತ್ತು. ಕಾಸಾಬ್ಲಾಂಕಾದ ಓಟದಲ್ಲಿ ಸುಟ್ಟಗಾಯಗಳಾದ ಸ್ಟೂವರ್ಟ್ ಲೂಯಿಸ್–ಇವಾನ್ಸ್ ಆರು ದಿನಗಳ ನಂತರ ಸತ್ತರು. ಪ್ರಶಸ್ತಿ ಕೈಸೇರಿದ ಬೆನ್ನಿಗೆ ಹಾಥಾರ್ನ್ ಓಟದಿಂದ ನಿವೃತ್ತರಾದರು. ಗ್ಯಾರೇಜನ್ನು ನೋಡಿಕೊಂಡು, ವಿವಾಹವಾಗಿ ನೆಲೆಯೂರುವುದು ಅವರ ಉದ್ದೇಶವಾಗಿತ್ತು.

ಮರಣ

೧೯೫೯ರ ಜನವರಿ ೨೨ರಂದು ಹಾಥಾರ್ನ್ ಫಾರ್ನಮ್‌ನಿಂದ ಲಂಡನ್ನಿನ ಕಡೆಗೆ ತಮ್ಮ ಜಾಗ್ವಾರ್ ೩.೪ ಕಾರಿನಲ್ಲಿ ಹೊರಟರು. ಇದು ನಾಲ್ಕು ಬಾಗಿಲುಗಳ ಸಲೂನ್ ಕಾರಾದರೂ ಇದರ ೩,೪೪೨ ಘನ ಸೆಂಟಿಮೀಟರಿನ ಎಂಜಿನ್, ಲೆ ಮಾನ್‌ನಲ್ಲಿ ಗೆದ್ದ ಡಿ–ಟೈಪ್ ಕಾರಿನ ಎಂಜಿನ್ನಿನ ಬಳಗಕ್ಕೇ ಸೇರಿದ್ದು. ಗಂಟೆಗೆ ಸುಮಾರು ೧೨೦ ಮೈಲಿ, ಅಂದರೆ ೧೯೩ ಕಿ.ಮೀ. ವೇಗವನ್ನು ಈ ಮಾದರಿ ಮುಟ್ಟಬಲ್ಲದಾಗಿತ್ತು. ಇದೇ ಮಾದರಿಯ ಕಾರಿನಲ್ಲಿ ಹಾಥಾರ್ನ್ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಲ್ಲಿಯೂ ಸ್ಪರ್ಧಿಸಿದ್ದರು.

ಅಂದು ರಸ್ತೆ ಒದ್ದೆಯಾಗಿತ್ತು. ಗಾಳಿ ಬಲವಾಗಿ ಬೀಸುತ್ತಿತ್ತು. ಗಿಲ್ಡ್‌ಫರ್ಡ್ ಬೈಪಾಸ್ ರಸ್ತೆಯಲ್ಲಿ ಅವರಿಗೆ ಓಟದ ತಂಡವೊಂದರ ಮಾಲೀಕರಾದ ರಾಬ್ ವಾಕರ್ ಅವರ ಮರ್ಸಿಡಿಸ್ ೩೦೦ ಎಸ್‌ಎಲ್ ಕಾರು ಎದುರಾಯಿತು. ಹಾಥಾರ್ನ್ ಅದನ್ನು ಹಿಂದಿಕ್ಕಿ ಮುನ್ನಡೆದರು. ಮುಂದಿನ ಬಲತಿರುವಿನಲ್ಲಿ ಕಾರು ಹತೋಟಿ ತಪ್ಪಿ, ಎದುರಿನಿಂದ ಬರುತ್ತಿದ್ದ ಲಾರಿಗೆ ತಗುಲಿ, ಪಕ್ಕದ ಮರಕ್ಕೆ ಅಪ್ಪಳಿಸಿತು. ಹಾಥಾರ್ನ್ ಸ್ಥಳದಲ್ಲಿಯೇ ಪ್ರಾಣಬಿಟ್ಟರು. ವಿಚಾರಣೆಯು ಇದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿತು. ಅವರ ಪಾರ್ಥಿವ ಶರೀರವನ್ನು ಫಾರ್ನಮ್‌ನಲ್ಲಿ ಸಮಾಧಿ ಮಾಡಲಾಯಿತು.

ರಸ್ತೆ ಮತ್ತು ಟ್ರ್ಯಾಕ್

ಹಾಥಾರ್ನ್ ಸತ್ತ ಕಾಲದಲ್ಲಿ ಬ್ರಿಟನ್ನಿನ ಊರುಗಳ ಹೊರಗಿನ ರಸ್ತೆಗಳಲ್ಲಿ ಸಾಮಾನ್ಯ ಕಾರುಗಳಿಗೆ ವೇಗಮಿತಿಯೇ ಇರಲಿಲ್ಲ. ೨೦ ಮೈಲಿಯ ಹಳೆಯ ಮಿತಿಯನ್ನು ೧೯೩೦ರ ಕಾಯಿದೆ ತೆಗೆದುಹಾಕಿತ್ತು. ೧೯೩೫ರಿಂದ ಜನವಸತಿ ಪ್ರದೇಶಗಳಿಗೆ ಮಾತ್ರ ಗಂಟೆಗೆ ೩೦ ಮೈಲಿಯ ಮಿತಿ ವಿಧಿಸಲಾಗಿತ್ತು. ೧೯೬೪ರಲ್ಲಿ ಕಾರು ಸಂಸ್ಥೆಯೊಂದು ಲೆ ಮಾನ್ ಓಟಕ್ಕೆ ಸಿದ್ಧಪಡಿಸಿದ ಕಾರನ್ನು ಎಂ–೧ ಹೆದ್ದಾರಿಯಲ್ಲಿಯೇ ಗಂಟೆಗೆ ಸುಮಾರು ೧೮೫ ಮೈಲಿ ವೇಗದಲ್ಲಿ ಪರೀಕ್ಷಿಸಿತ್ತು. ೧೯೬೫ರ ಡಿಸೆಂಬರಿನಲ್ಲಿ ಗಂಟೆಗೆ ೭೦ ಮೈಲಿಯ, ಅಂದರೆ ಸುಮಾರು ೧೧೩ ಕಿ.ಮೀ.ನ ಮಿತಿ ತಾತ್ಕಾಲಿಕವಾಗಿ ಜಾರಿಗೆ ಬಂದು, ೧೯೬೭ರಲ್ಲಿ ಕಾಯಂ ಆಯಿತು.

ಹಾಥಾರ್ನ್ ಅವರ ಸಾವಿಗೆ ಕೌಶಲದ ಕೊರತೆ ಕಾರಣವೆನ್ನಲು ಬರುವಂತಿಲ್ಲ. ಅಂದು ಅವರು ಜಗತ್ತಿನ ಚಾಂಪಿಯನ್. ಗಂಟೆಗೆ ೧೯೩ ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ೫೩ ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಅಡಗಿಸಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಒದ್ದೆ ನೆಲದಲ್ಲಿ ಟೈರಿನ ಹಿಡಿತ ಕುಗ್ಗುತ್ತದೆ. ಈ ನಿಯಮಗಳು ಟ್ರ್ಯಾಕ್‌ಗೂ ರಸ್ತೆಗೂ ಒಂದೇ. ವ್ಯತ್ಯಾಸವಿರುವುದು ಸುತ್ತಲಿನ ವ್ಯವಸ್ಥೆಯಲ್ಲಿ. ಟ್ರ್ಯಾಕ್‌ನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ, ಎಲ್ಲರೂ ತಿಳಿದೇ ಬಂದಿರುತ್ತಾರೆ, ತಿರುವುಗಳು ಪರಿಚಿತವಾಗಿರುತ್ತವೆ. ರಸ್ತೆಯಲ್ಲಿ ಎದುರು ಬರುವ ಲಾರಿಯ ಚಾಲಕನಿಗೆ ತಾನು ಓಟವೊಂದರ ನಡುವೆ ಸಿಲುಕಿದ್ದೇನೆಂಬ ಅರಿವೇ ಇರುವುದಿಲ್ಲ.

ಹಾಗೆಂದು ಅಂದಿನ ಟ್ರ್ಯಾಕ್‌ಗಳು ಸುರಕ್ಷಿತವಾಗಿದ್ದವೆಂದು ಹೇಳಲಾಗದು. ಲೆ ಮಾನ್, ರೀಮ್ಸ್, ನುರ್ಬರ್ಗ್‌ರಿಂಗ್‌ಗಳ ಸಾವುಗಳೇ ಅದಕ್ಕೆ ಸಾಕ್ಷಿ. ಆದರೆ ಪ್ರತಿಯೊಂದು ದುರಂತದ ನಂತರ ಟ್ರ್ಯಾಕನ್ನು ತಿದ್ದಲು ಸಾಧ್ಯವಾಯಿತು: ಪ್ರೇಕ್ಷಕರನ್ನು ದೂರ ಸರಿಸಲಾಯಿತು, ಮರಗಳ ಜಾಗದಲ್ಲಿ ತಡೆಬೇಲಿಗಳು ಬಂದವು, ೧೯೬೦ರ ದಶಕದಲ್ಲಿ ಜಾಕಿ ಸ್ಟೂವರ್ಟ್ ನಡೆಸಿದ ಹೋರಾಟದಿಂದ ಸೀಟ್ ಬೆಲ್ಟ್ ಮತ್ತು ವೈದ್ಯಕೀಯ ನೆರವು ರೂಢಿಗೆ ಬಂದವು. ಎಲ್ಲರಿಗೂ ಸೇರಿದ ರಸ್ತೆಯನ್ನು ಹಾಗೆ ಕೆಲವರ ವೇಗಕ್ಕೆ ತಕ್ಕಂತೆ ಮಾರ್ಪಡಿಸಲು ಬರುವುದಿಲ್ಲ. ಅಲ್ಲಿ ವೇಗವನ್ನೇ ಮಿತಿಗೊಳಿಸಬೇಕಾಗುತ್ತದೆ.

ಭಾರತದಲ್ಲಿಯೂ ಇದೇ ವಿಂಗಡಣೆ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟ ಅಥವಾ ವೇಗಪರೀಕ್ಷೆ ನಡೆಸುವುದು ಶಿಕ್ಷಾರ್ಹ ಅಪರಾಧ. ಬ್ರಿಟನ್ನಿನಂತೆ ಇಲ್ಲಿಯೂ ಹಳೆಯ ವಿಮಾನ ನೆಲೆಗಳಲ್ಲಿ ಓಟಗಳು ನಡೆದಿವೆ. ಮದ್ರಾಸಿನ ಬಳಿಯ ಶೋಳಾವರಂ ಅಂಥದೊಂದು. ಅನಂತರ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ, ಕೊಯಮತ್ತೂರು ಮತ್ತು ಗ್ರೇಟರ್ ನೋಯ್ಡಾಗಳಲ್ಲಿ ಓಟಕ್ಕೆಂದೇ ಟ್ರ್ಯಾಕ್‌ಗಳು ನಿರ್ಮಾಣವಾದವು. ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪಗಳ ಕಡೆಗೆ ಹೋಗುವಂತಹ ರಸ್ತೆಗಳಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರುಗಳು, ಲಾರಿಗಳು, ದ್ವಿಚಕ್ರ ವಾಹನಗಳು, ಕುರಿಮಂದೆಗಳು ಮತ್ತು ಶಾಲೆಗೆ ನಡೆದು ಹೋಗುವ ಮಕ್ಕಳು ಒಂದೇ ಹಾದಿಯನ್ನು ಬಳಸುತ್ತಾರೆ. ಇಂತಹ ಕಡೆ ಈ ಕಲಮಿನ ಅಗತ್ಯ ಹೆಚ್ಚು ಸ್ಪಷ್ಟವಾಗುತ್ತದೆ.

ಸಾಧನೆ ಮತ್ತು ಸ್ಮರಣೆ

ಹಾಥಾರ್ನ್ ೧೯೫೨ರಿಂದ ೧೯೫೮ರವರೆಗೆ ವಿಶ್ವ ಚಾಂಪಿಯನ್‌ಷಿಪ್ಪಿನ ೪೫ ಗ್ರ್ಯಾಂಡ್ ಪ್ರಿಗಳಲ್ಲಿ ಸ್ಪರ್ಧಿಸಿ ೩ರಲ್ಲಿ ಗೆಲುವು ಸಾಧಿಸಿದರು; ೧೮ ಬಾರಿ ಮೊದಲ ಮೂರು ಸ್ಥಾನಗಳಲ್ಲಿ ಒಂದನ್ನು ಪಡೆದರು. ಚಾಲೆಂಜ್ ಮಿ ದಿ ರೇಸ್ ಮತ್ತು ಚಾಂಪಿಯನ್ ಇಯರ್ ಎಂಬ ಎರಡು ಆತ್ಮಕಥನಾತ್ಮಕ ಕೃತಿಗಳು ಅವರ ಹೆಸರಿನಲ್ಲಿವೆ. ಅವರ ನೆನಪಿಗಾಗಿ ಸ್ಥಾಪಿಸಿದ ಹಾಥಾರ್ನ್ ಸ್ಮಾರಕ ಟ್ರೋಫಿಯನ್ನು ಪ್ರತಿವರ್ಷ ಫಾರ್ಮುಲಾ ಒನ್‌ನಲ್ಲಿ ಹೆಚ್ಚು ಯಶಸ್ಸು ಗಳಿಸಿದ ಬ್ರಿಟಿಷ್ ಅಥವಾ ಕಾಮನ್‌ವೆಲ್ತ್ ಚಾಲಕರಿಗೆ ನೀಡಲಾಗುತ್ತದೆ. ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್‌ನ ಒಂದು ತಿರುವಿಗೆ ಅವರ ಹೆಸರಿಡಲಾಗಿದೆ.